ಬೇಗ ಕಟ್ಟಿದರಷ್ಟೇ ಸಾಲದು

ಗಣಕಯಂತ್ರ ಕಲಿಯುವ ನಮ್ಮ ವಿದ್ಯಾರ್ಥಿಗಳು ಇಂದು ಒಂದೆರಡು ವಾರಗಳಲ್ಲಿ ಒಂದು ಜಾಲತಾಣವನ್ನು ಸಿದ್ಧಪಡಿಸಬಲ್ಲರು. ಇದು ಸಾಧ್ಯವಾದದ್ದು ಮುಕ್ತ ತಂತ್ರಾಂಶದ ವೆಬ್ ಫ್ರೇಮ್‌ವರ್ಕ್‌ಗಳಿಂದ. ಫ್ರೇಮ್‌ವರ್ಕ್ ಎಂದರೆ ಚೌಕಟ್ಟು. ಮಾಹಿತಿ ಸಂಗ್ರಹ, ಪುಟಗಳ ಜೋಡಣೆ ಮುಂತಾಗಿ ಎಲ್ಲರಿಗೂ ಬೇಕಾಗುವ ಕೆಲಸಗಳನ್ನು ಅದರಲ್ಲಿ ಮೊದಲೇ ಮಾಡಿಟ್ಟಿರುತ್ತಾರೆ. ನಮಗೆ ಬೇಕಾದುದನ್ನು ಅದರ ಮೇಲೆ ಕಟ್ಟಿಕೊಂಡರಾಯಿತು. ರೈಲ್ಸ್ (2004), ಜಾಂಗೋ (2005), ಲಾರವೆಲ್ (2011) ಹೀಗೆ ಹೆಸರುಗಳು ಹಲವು. ಯಾವುದನ್ನು ಆರಿಸಬೇಕು? “ಯಾವುದರಲ್ಲಿ ಬೇಗ ಮುಗಿಯುತ್ತದೋ ಅದನ್ನು” ಎನ್ನುತ್ತಾರೆ ಮಕ್ಕಳು. ನಾನು ಭಾಷಾ ಶಿಕ್ಷಕಿ, ತಂತ್ರಜ್ಞೆಯಲ್ಲ. ಆದರೂ ಈ ಉತ್ತರ ಅರ್ಧ ಮಾತ್ರ ಸರಿ ಎಂಬುದು ನನ್ನ ಅಭಿಪ್ರಾಯ.

ಇದಕ್ಕೆ ನಮ್ಮ ಕೀನ್ಯಾದಲ್ಲೇ ಒಳ್ಳೆಯ ಉದಾಹರಣೆ ಇದೆ. 2007ರ ಡಿಸೆಂಬರ್ ಚುನಾವಣೆಯ ನಂತರ ಇಲ್ಲಿ ಹಿಂಸಾಚಾರ ಹಬ್ಬಿತು. ಎಲ್ಲಿ ಏನಾಗುತ್ತಿದೆ ಎಂಬುದನ್ನು ಜನರೇ ತಿಳಿಸಿ, ಅದು ನಕ್ಷೆಯಲ್ಲಿ ಕಾಣುವಂತಾಗಬೇಕು ಎಂದು ವಕೀಲೆ ಓರಿ ಒಕೊಲ್ಲೊ ಯೋಚಿಸಿದರು. ಡೇವಿಡ್ ಕೋಬಿಯಾ, ಎರಿಕ್ ಹರ್ಸ್‌ಮನ್, ಜೂಲಿಯಾನಾ ರೋಟಿಚ್ ಮೊದಲಾದವರು ಕೈಜೋಡಿಸಿದರು. 2008ರ ಜನವರಿಯಲ್ಲಿ, ಕೆಲವೇ ದಿನಗಳ ಕೆಲಸದಲ್ಲಿ ‘ಉಶಾಹಿದಿ’ ಸಿದ್ಧವಾಯಿತು. ಸ್ವಾಹಿಲಿಯಲ್ಲಿ ಈ ಪದಕ್ಕೆ ಸಾಕ್ಷ್ಯ ಎಂದರ್ಥ. ಜನರ ಜೀವದ ಪ್ರಶ್ನೆಯಿದ್ದ ಆ ಹೊತ್ತಿನಲ್ಲಿ ಅವಸರ ಬೇಕೇ ಇತ್ತು.

ಆದರೆ ಅದು ಬಾಳಿದ್ದು ಅವಸರದಿಂದಲ್ಲ. ಅದರ ಕೋಡನ್ನು ಎಲ್ಲರಿಗೂ ತೆರೆದಿಟ್ಟರು. 2010ರ ಹೈಟಿ ಭೂಕಂಪದ ಸಮಯದಲ್ಲೂ ಅದು ಬಳಕೆಯಾಯಿತು. ಅದನ್ನು ಕೊಹಾನ ಎಂಬ ಪಿಎಚ್‌ಪಿ ಫ್ರೇಮ್‌ವರ್ಕ್ ಮೇಲೆ ಬೆಳೆಸಿದ್ದರು. ಕಾಲಕ್ರಮೇಣ ಕೊಹಾನವನ್ನು ನೋಡಿಕೊಳ್ಳುವವರೇ ಇಲ್ಲವಾದರು. ಕೋಡ್ ತಮ್ಮ ಕೈಯಲ್ಲೇ ಇದ್ದುದರಿಂದ ಉಶಾಹಿದಿಯವರು ಲಾರವೆಲ್‌ನತ್ತ ಸಾಗಿದರು. ಬದಲಾಯಿಸುವ ಶ್ರಮ ಮಾತ್ರ ತಪ್ಪಲಿಲ್ಲ.

ಆದ್ದರಿಂದ ವಿದ್ಯಾರ್ಥಿಗಳೇ, ಆರಿಸುವ ಮೊದಲು ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಇದನ್ನು ನೋಡಿಕೊಳ್ಳುವವರು ಒಬ್ಬರೋ, ಹಲವರೋ? ಕೈಪಿಡಿ ಹೊಸಬರಿಗೆ ಅರ್ಥವಾಗುತ್ತದೆಯೇ? ಸುರಕ್ಷತೆಯ ತಿದ್ದುಪಡಿಗಳು ಕಾಲಕಾಲಕ್ಕೆ ಬರುತ್ತಿವೆಯೇ? ನಮ್ಮ ಭಾಷೆಗಳಿಗೆ ಅದರಲ್ಲಿ ಜಾಗವಿದೆಯೇ? ಜಾಂಗೋದ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ, ಸ್ವಾಹಿಲಿಯೂ ಇದೆ ಎಂದು ತಿಳಿದಾಗ ನನಗಂತೂ ಸಂತೋಷವಾಯಿತು.

ಪೋಷಕರಲ್ಲೂ ಒಂದು ಮಾತು. ಮುಕ್ತ ಎಂದರೆ ಬರೀ ಪುಕ್ಕಟೆ ಎಂದು ತಿಳಿಯಬೇಡಿ. ತೆರೆದು ನೋಡುವ, ತಿದ್ದುವ, ಹಂಚಿಕೊಳ್ಳುವ ಸ್ವಾತಂತ್ರ್ಯ ಅದು. ನಿಮ್ಮ ಮಗಳು ಶಾಲೆಯ ಗ್ರಂಥಾಲಯಕ್ಕೆ ಒಂದು ತಂತ್ರಾಂಶ ಬರೆದಳೆನ್ನಿ. ಓದು ಮುಗಿಸಿ ಅವಳು ಬೆಂಗಳೂರಿಗೋ ಲಂಡನ್ನಿಗೋ ಹೋದ ಮೇಲೆ, ಕಿರಿಯ ತರಗತಿಯವರು ಅದನ್ನು ಓದಿ ಮುಂದುವರಿಸುವಂತಿರಬೇಕು. ಇಲ್ಲದಿದ್ದರೆ ಅವಳ ಶ್ರಮವೆಲ್ಲ ಅವಳೊಂದಿಗೇ ಹೋಯಿತು. “ಎಷ್ಟು ದಿನದಲ್ಲಿ ಮುಗಿಸಿದೆ?” ಎಂದು ಕೇಳುವಾಗ, “ನಿನ್ನ ನಂತರ ಯಾರು ನೋಡಿಕೊಳ್ಳುತ್ತಾರೆ?” ಎಂದೂ ಕೇಳಿ.

‘ಆತುರಗಾರನಿಗೆ ಬುದ್ಧಿ ಮಟ್ಟ’ ಎಂದು ನಮ್ಮ ಗಾದೆ. ‘ಹರಾಕ ಹರಾಕ ಹೈನಾ ಬರಾಕ’, ಅವಸರದಲ್ಲಿ ಶ್ರೇಯಸ್ಸಿಲ್ಲ ಎಂದು ಇಲ್ಲಿಯವರ ಗಾದೆ. ಬೇಗ ಕಟ್ಟಿ ಮಕ್ಕಳೇ, ಆದರೆ ನಿಮ್ಮ ತಮ್ಮ ತಂಗಿಯರು ಮುಂದುವರಿಸಬಹುದಾದಂಥದ್ದನ್ನು ಕಟ್ಟಿ.