ಅಪ್ಪ ಅಮ್ಮ ಇಬ್ಬರೇ ಬೆಟ್ಟ ಹತ್ತಲಿ

ನಮ್ಮ ಕ್ಯಾಂಪಸ್‌ನಲ್ಲಿ ಟ್ರೆಕ್ಕಿಂಗ್ ಅಂದ್ರೆ ಒಂದು ಸಿದ್ಧ ಮಾದರಿ ಇದೆ. ಕತ್ತಲಲ್ಲೇ ಬೈಕ್ ಹೊರಡಬೇಕು, ತಲೆಗೆ ಟಾರ್ಚ್ ಕಟ್ಟಿಕೊಳ್ಳಬೇಕು, ಸೂರ್ಯ ಹುಟ್ಟೋ ಹೊತ್ತಿಗೆ ತುದಿಯಲ್ಲಿ ಸೆಲ್ಫಿಗೆ ನಿಂತಿರಬೇಕು, ಸೋಮವಾರ ಮೊದಲ ಪೀರಿಯಡ್‌ನಲ್ಲಿ ತೂಕಡಿಸಬೇಕು. ಅದರಲ್ಲಿ ಮಜಾ ಇಲ್ಲ ಅಂತ ನಾವು ಹೇಳಲ್ಲ. ಆದ್ರೆ ಈ ಸಲ ನಾವು ಮಾತಾಡಬೇಕು ಅಂದುಕೊಂಡಿರೋದು ಇನ್ನೊಂದು ಥರದ ಬೆಟ್ಟದ ಬಗ್ಗೆ: ಗಂಡ ಹೆಂಡತಿ ಇಬ್ಬರೇ ಬೆಳಿಗ್ಗೆ ಹೋಗಿ, ನಿಧಾನಕ್ಕೆ ಹತ್ತಿ ಇಳಿದು, ಕೆರೆ ಕಡೆ ಕೂತು ಬುತ್ತಿ ಬಿಚ್ಚಿ, ಸಂಜೆಯೊಳಗೆ ಮನೆ ಸೇರುವ ಸಣ್ಣ ಬೆಟ್ಟ.

'ನಮಗಿನ್ನೂ ಮದುವೆನೇ ಆಗಿಲ್ವಲ್ಲ' ಅಂತ ನಗಬೇಡಿ. ನಾವು ಹೇಳ್ತಿರೋ ಜೋಡಿ ನಿಮ್ಮ ಮನೆಯಲ್ಲೇ ಇದೆ. ಅಪ್ಪ ಮತ್ತು ಅಮ್ಮ.

ಅವರಿಬ್ಬರೇ ಎಲ್ಲಾದರೂ ಹೋಗಿ ಬಂದಿದ್ದು ಯಾವಾಗ, ಒಂದು ಸಲ ಯೋಚಿಸಿ. ಮದುವೆ, ಗೃಹಪ್ರವೇಶ, ನಾಮಕರಣ, ತಿಥಿ ಲೆಕ್ಕಕ್ಕಿಲ್ಲ. ಧರ್ಮಸ್ಥಳ, ತಿರುಪತಿಗೆ ಹೋಗಿದ್ದಾರಲ್ಲ ಅನ್ನಬಹುದು. ಹೋಗಿದ್ದಾರೆ, ಹತ್ತಾರು ನೆಂಟರ ಜೊತೆ. ಅಮ್ಮ ನಾಲ್ಕು ಗಂಟೆಗೆ ಎದ್ದು ಎಲ್ಲರಿಗೂ ಪುಳಿಯೋಗರೆ ಕಲೆಸಿರುತ್ತಾರೆ, ಅಪ್ಪ ದಾರಿಯುದ್ದಕ್ಕೂ ಲಗೇಜು ಎಣಿಸುತ್ತಿರುತ್ತಾರೆ. ಮನೆಗೆ ಬಂದ ಮೇಲೆ ಇಬ್ಬರಿಗೂ ಸೊಂಟನೋವು. ನಾವು ಹಾಸ್ಟೆಲ್ ಸೇರಿದ ಮೇಲೆ ಮನೆಯಲ್ಲಿ ಉಳಿಯೋದು ಎರಡು ಜನ, ಒಂದು ಟಿವಿ. ಅವರ ನಡುವಿನ ಮಾತು ಅಂದ್ರೆ ನಮ್ಮ ಫೀಸು, ನಮ್ಮ ಬ್ಯಾಕ್‌ಲಾಗು, ನಮ್ಮ ಪ್ಲೇಸ್‌ಮೆಂಟು. ಇಪ್ಪತ್ತು ವರ್ಷ ನಮ್ಮ ಬಗ್ಗೆನೇ ಮಾತಾಡಿದವರಿಗೆ ತಮ್ಮ ಬಗ್ಗೆ ಮಾತಾಡೋಕೆ ಅರ್ಧ ದಿನ ಸಿಗಬೇಕು. ಅದನ್ನು ಮಾಡಿಕೊಡೋದು ಮಕ್ಕಳ ಕೆಲಸ ಅನ್ನೋದು ನಮ್ಮ ಅಭಿಪ್ರಾಯ. ಹೋಟೆಲ್ಲಿನಲ್ಲಿ ಎದುರುಬದುರು ಕೂರಿಸಿದರೆ ಅವರಿಗೆ ಮುಜುಗರ. ಜೊತೆಗೆ ನಡೆಯುವಾಗ ಆ ತೊಂದರೆ ಇಲ್ಲ. ಮಾತು ಬಂದರೆ ಆಡಬಹುದು, ಬರದಿದ್ದರೆ ದಾರಿ ನೋಡಬಹುದು.

ಇದಕ್ಕೆ ಕೊಡಗು, ಚಿಕ್ಕಮಗಳೂರು ಬೇಕಿಲ್ಲ. ದೂರದ ಬೆಟ್ಟ ನುಣ್ಣಗೆ ಅಂತ ಗಾದೆಯೇ ಇದೆ. ರಾಮನಗರ ತಾಲ್ಲೂಕಿನ ಕೂಟಗಲ್‌ನಲ್ಲಿ ತಿಮ್ಮಪ್ಪನ ಬೆಟ್ಟ ಇದೆ. ಗುಡಿ ಇರುವ ಬೆಟ್ಟ, ಹಾಗಾಗಿ 'ಸುಮ್ನೆ ಯಾಕೆ ಬೆಟ್ಟ ಹತ್ತೋದು' ಅನ್ನೋ ಅಪ್ಪನಿಗೂ ಒಂದು ಕಾರಣ ಸಿಗುತ್ತೆ. ರೈಲಿನಲ್ಲಿ ರಾಮನಗರಕ್ಕೆ ಬಂದು, ಅಲ್ಲಿಂದ ಬಸ್ಸೋ ಆಟೋನೋ ಹಿಡಿದರಾಯಿತು. ಇಳಿದು ಬಂದ ಮೇಲೆ ನೀರು ನೋಡಬೇಕು ಅಂದ್ರೆ ಕಣ್ವ ಜಲಾಶಯ ಅಲ್ಲಿಗೆ ದೂರವಿಲ್ಲ. ಶಿಂಷಾ ಸೇರುವ ಕಣ್ವ ನದಿಗೆ 1946ರಲ್ಲಿ ಕಟ್ಟಿದ ಅಣೆಕಟ್ಟು ಅದು.

ಈ ಸೀಮೆಯ ಕಲ್ಲಿನ ಬಗ್ಗೆ ಒಂದು ಮಾತು. ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿ ಕ್ಲೋಸ್‌ಪೇಟೆ ಅಂತ ಹೆಸರಿತ್ತು. ಆ ಹೆಸರಿನಿಂದಲೇ ಇಲ್ಲಿನ ಶಿಲೆಗೆ ಭೂವಿಜ್ಞಾನಿಗಳು ಕ್ಲೋಸ್‌ಪೇಟ್ ಗ್ರಾನೈಟ್ ಅನ್ನುತ್ತಾರೆ. ವಯಸ್ಸು ಸುಮಾರು 250 ಕೋಟಿ ವರ್ಷ. 'ಶೋಲೆ'ಯಲ್ಲಿ ಗಬ್ಬರ್ ಓಡಾಡಿದ್ದೂ ಈ ಸೀಮೆಯ ಬಂಡೆಗಳ ಮೇಲೆಯೇ. ಒಣಗಿದಾಗ ಈ ಬಂಡೆ ಕಾಲನ್ನು ಚೆನ್ನಾಗಿ ಹಿಡಿಯುತ್ತೆ, ಮಳೆ ಬಿದ್ದು ಪಾಚಿ ಕಟ್ಟಿದರೆ ಜಾರುತ್ತೆ. ಆದ್ದರಿಂದ ಮಳೆ ಬಂದ ಮಾರನೆ ದಿನ ಬೇಡ. 1226 ಮೀಟರ್ ಎತ್ತರದ ಸಾವನದುರ್ಗವೂ ಇದೇ ಸೀಮೆಯದ್ದು, ಆದ್ರೆ ಅದರ ಕಡಿದಾದ ಬಂಡೆ ಈ ಲೆಕ್ಕಕ್ಕೆ ಬರಲ್ಲ. ಅದನ್ನು ನೀವು ಹತ್ತಿ, ಅಪ್ಪ ಅಮ್ಮನನ್ನು ಹತ್ತಿಸಬೇಡಿ.

ಎಷ್ಟು ಹೊತ್ತು ಬೇಕು? 1892ರಲ್ಲಿ ನೇಸ್ಮಿತ್ ಅನ್ನೋ ಸ್ಕಾಟ್ಲೆಂಡಿನವರೊಬ್ಬರು ಒಂದು ಸೂತ್ರ ಕೊಟ್ಟರು: 5 ಕಿ.ಮೀ. ನಡಿಗೆಗೆ ಒಂದು ಗಂಟೆ, ಜೊತೆಗೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಹೋಗಿ ಬರೋಕೆ 3 ಕಿ.ಮೀ., ಏರು 150 ಮೀಟರ್ ಇರೋ ಒಂದು ಬೆಟ್ಟ ಅಂದುಕೊಳ್ಳಿ. 36 ನಿಮಿಷಕ್ಕೆ 15 ಸೇರಿಸಿದರೆ 51. ಇದು ಗಟ್ಟಿ ಕಾಲಿನವರ ಲೆಕ್ಕ. ಅಪ್ಪ ಅಮ್ಮನಿಗೆ ದುಪ್ಪಟ್ಟು ಮಾಡಿ, ಕೂತು ಸುಧಾರಿಸಿಕೊಳ್ಳೋಕೆ ಅರ್ಧ ಗಂಟೆ ಸೇರಿಸಿ. ಮೇಲೆ ಹೋದರೆ ತಂಪಿರುತ್ತೆ ಅಂತ ತಡವಾಗಿ ಹೊರಡೋದು ಬೇಡ. 1000 ಮೀಟರಿಗೆ ಸುಮಾರು 6.5 ಡಿಗ್ರಿ ಇಳಿಯುತ್ತೆ ಅನ್ನೋ ಲೆಕ್ಕದಲ್ಲಿ 150 ಮೀಟರಿಗೆ ಇಳಿಯೋದು ಒಂದೇ ಡಿಗ್ರಿ. ಕೆಳಗೆ ಕಾದ ಬಂಡೆ ಬೇರೆ. ಏಳಕ್ಕೆ ಹತ್ತೋಕೆ ಶುರು ಮಾಡಿದರೆ ಬಿಸಿಲು ಏರುವಷ್ಟರಲ್ಲಿ ಇಳಿದಿರಬಹುದು. ಮಂಡಿಗೆ ಇಳಿಯುವಾಗಲೇ ಹೆಚ್ಚು ಪೆಟ್ಟು, ಹಾಗಾಗಿ ಒಂದು ಕೋಲು ಇರಲಿ. ಬಿ.ಪಿ., ಎದೆನೋವು ಇದ್ದವರು ಡಾಕ್ಟರನ್ನು ಕೇಳದೆ ಹೊರಡಬಾರದು.

ಇನ್ನು ನಿಮ್ಮ ಪಾಲಿನ ಕೆಲಸ. ಮೊದಲನೆಯದು, ಅಮ್ಮನ ಹತ್ರ ಶೂ ಇದ್ಯಾ ನೋಡಿ. ನಮ್ಮ ಕಾಲಿಗೆ ಜಿಮ್ಮಿಗೊಂದು, ಕಾಲೇಜಿಗೊಂದು ಜೊತೆ ಇರುತ್ತೆ. ಎಷ್ಟೋ ಅಮ್ಮಂದಿರು ಇಡೀ ಆಯಸ್ಸು ಚಪ್ಪಲಿಯಲ್ಲೇ ಕಳೆದಿದ್ದಾರೆ. ಸೀರೆಗೆ ಶೂ ಚೆನ್ನಾಗಿರಲ್ಲ ಅಂತಾರೆ, ಆದರೂ ಕೊಡಿಸಿ. ಎರಡನೆಯದು, ಬುತ್ತಿ ನೀವು ಕಟ್ಟಿ. ಚಿತ್ರಾನ್ನ, ಮೊಸರನ್ನ, ಮಜ್ಜಿಗೆ, ಸೌತೆಕಾಯಿ, ಮೂರು ಲೀಟರ್ ನೀರು. ಅಮ್ಮನೇ ಎದ್ದು ಕಟ್ಟೋದಾದ್ರೆ ಅದು ಅವರಿಗೆ ಇನ್ನೊಂದು ಕೆಲಸದ ದಿನ. ಮೂರನೆಯದು, ನೀವು ಜೊತೆಗೆ ಹೋಗಬೇಡಿ, ಅತ್ತೆ ಚಿಕ್ಕಮ್ಮಂದಿರನ್ನೂ ಕಳಿಸಬೇಡಿ. ನಾಲ್ಕನೆಯದು, ಜಲಾಶಯದಲ್ಲಿ ನೀರಿಗೆ ಇಳಿಯಬೇಡಿ ಅಂತ ಅಪ್ಪನಿಗೆ ಹೇಳಿ. 'ಊರ ಬಾವಿಯಲ್ಲಿ ಈಜು ಕಲಿತವನು ನಾನು' ಅಂತಾರೆ. ಬಾವಿಯ ಆಳ ಅವರಿಗೆ ಗೊತ್ತಿತ್ತು, ಇಲ್ಲಿನ ಆಳ ಗೊತ್ತಿಲ್ಲ.

ಮನೆಯ ಮಾತು ಇಷ್ಟಾದರೆ, ಊರಿನ ಮಾತೂ ಒಂದಿದೆ. ಬೆಟ್ಟಗಳ ಅಭಿವೃದ್ಧಿ ಅಂದ ಕೂಡಲೇ ರೋಪ್‌ವೇ, ಜಿಪ್‌ಲೈನ್, ಗಾಜಿನ ಸೇತುವೆ ಅಂತ ಚರ್ಚೆ ಶುರುವಾಗುತ್ತೆ. ಐವತ್ತು ದಾಟಿದ ಹೆಂಗಸು ಬೆಟ್ಟಕ್ಕೆ ಬರಲ್ಲ ಅನ್ನೋದಕ್ಕೆ ಎಷ್ಟೋ ಸಲ ಕಾರಣ ಒಂದೇ: ಶೌಚಾಲಯ ಇರುತ್ತೋ ಇಲ್ವೋ. ಆ ಭಯಕ್ಕೆ ಬೆಳಿಗ್ಗೆಯಿಂದ ನೀರೇ ಕುಡಿಯದೆ ಬಿಸಿಲಲ್ಲಿ ಹತ್ತುವವರಿದ್ದಾರೆ. ಬುಡದಲ್ಲಿ ಬೀಗ ಹಾಕದ ಒಂದು ಶೌಚಾಲಯ, ಕುಡಿಯುವ ನೀರು, ಅರ್ಧ ದಾರಿಯಲ್ಲಿ ನೆರಳಿರುವ ಕಲ್ಲುಬೆಂಚು, ವಾಪಸ್ ಬಸ್ಸಿನ ಸಮಯ ಬರೆದ ಬೋರ್ಡು. ಗಾಜಿನ ಸೇತುವೆಯ ಖರ್ಚಿನಲ್ಲಿ ಇಂಥವು ಎಷ್ಟು ಬೆಟ್ಟಗಳಿಗೆ ಆಗುತ್ತೋ ಎಸ್ಟಿಮೇಷನ್ ಕಲಿತ ಸಿವಿಲ್ ಗೆಳೆಯರು ಲೆಕ್ಕ ಹಾಕಲಿ.

ಮತ್ತೆ ನಮ್ಮಂಥವರಿಗೂ ಒಂದು ಮಾತು. ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮ ಅಂತ ಘೋಷಿಸಿದರು. ಅಲ್ಲಿನ ಉದ್ದಕೊಕ್ಕಿನ ರಣಹದ್ದು ವರ್ಷಕ್ಕೆ ಇಡೋದು ಒಂದೇ ಮೊಟ್ಟೆ, ಗಂಡು ಹೆಣ್ಣು ಎರಡೂ ಸರದಿಯಲ್ಲಿ ಕಾವು ಕೊಡುತ್ತವೆ. ಬ್ಲೂಟೂತ್ ಸ್ಪೀಕರ್ ಹೊತ್ತುಕೊಂಡು ಹೋಗೋದು ಅವಕ್ಕೂ ಹಿಂಸೆ, ನಿಧಾನಕ್ಕೆ ಮಾತಾಡಿಕೊಂಡು ಹತ್ತುತ್ತಿರುವ ಹಿರಿಯ ಜೋಡಿಗೂ ಹಿಂಸೆ. ದಾರಿ ಬಿಡಿ, ಸದ್ದು ಕಡಿಮೆ ಮಾಡಿ.

'ಈ ವಯಸ್ಸಿಗೆ ಇದೆಲ್ಲ ಯಾಕೆ, ನೋಡಿದವರು ಏನಂದ್ಕೊಳ್ತಾರೆ' ಅಂತ ಅಮ್ಮ ಖಂಡಿತ ಹೇಳ್ತಾರೆ. ಅಪ್ಪ ಪೇಪರಿನಿಂದ ತಲೆ ಎತ್ತಲ್ಲ. ಅಲ್ಲಿಗೆ ಬಿಡಬೇಡಿ. ಮುಂದಿನ ರಜೆಗೆ ಊರಿಗೆ ಹೋದಾಗ ಮೊದಲು ಅಮ್ಮನ ಪಾದದ ಅಳತೆ ತಗೊಳ್ಳಿ.