ಹತ್ತು ದಿನದ ಸಡಗರ, ಒಂದು ದಿನದ ಪ್ರವಾಸ



ರಜ ಬಂತೆಂದರೆ ಸಾಕು. ಹಾಸನವಾಗಲಿ, ಮಂಡ್ಯವಾಗಲಿ, ಚಾಮರಾಜನಗರವಾಗಲಿ, ಮಕ್ಕಳಿರುವ ಮನೆಯಲ್ಲಿ ಒಂದು ಪ್ರಶ್ನೆ ಏಳದೆ ಇರುವುದಿಲ್ಲ. ‘ಅಮ್ಮಾ, ಮೈಸೂರಿಗೆ ಯಾವಾಗ ಹೋಗೋದು?’ ಕೆ.ಆರ್.ಎಸ್. ರಸ್ತೆಯ ಜಿಆರ್‌ಎಸ್ ಫ್ಯಾಂಟಸಿ ಪಾರ್ಕಿನಲ್ಲಿ ನೀರಿನ ಜಾರುಬಂಡೆ ಇದೆಯಂತೆ, ಪಕ್ಕದ ಮನೆಯ ಹುಡುಗ ಹೋಗಿಬಂದನಂತೆ, ತೊಟ್ಟಿಲು ಅಷ್ಟೆತ್ತರ ಹೋಗುತ್ತದಂತೆ! ಆಗ ನಮ್ಮ ಬಾಯಲ್ಲಿ ಸಿದ್ಧವಾಗಿರುವ ಉತ್ತರ ಒಂದೇ: ‘ನೋಡೋಣ ಬಿಡು.’

ಈ ‘ನೋಡೋಣ’ ಎಂಬುದು ದೊಡ್ಡವರಿಗೆ ಉತ್ತರವೇ ಹೊರತು ಮಕ್ಕಳಿಗಲ್ಲ. ಬೇಸಿಗೆ ರಜದಲ್ಲಿ ನೋಡೋಣ, ದಸರೆಗೆ ನೋಡೋಣ, ಸಂಬಳ ಬರಲಿ ನೋಡೋಣ ಎಂದು ನಾಲ್ಕು ಸಲ ಕೇಳಿದ ಮಗು ಐದನೆಯ ಸಲ ಕೇಳುವುದೇ ಇಲ್ಲ. ‘ಮಗು ಈಗ ಹಟ ಮಾಡಲ್ಲ, ಜಾಣ ಆಗಿದೆ’ ಎಂದು ನಾವು ಹಿಗ್ಗುತ್ತೇವೆ. ಆದರೆ ಅದು ಜಾಣತನವಲ್ಲ ಕಣ್ರೀ, ನಮ್ಮ ಮಾತಿನ ಮೇಲಿನ ನಂಬಿಕೆ ಸ್ವಲ್ಪ ಸವೆದಿದೆ ಅಷ್ಟೇ.

ಆದ್ದರಿಂದ ಈ ಸಲದ ಅಂಕಣ ಪ್ರವಾಸದ ಬಗ್ಗೆಯಲ್ಲ, ಪ್ರವಾಸಕ್ಕೆ ಮುಂಚಿನ ದಿನಗಳ ಬಗ್ಗೆ. ಪಾರ್ಕಿನಲ್ಲಿ ಕಳೆಯುವುದು ಒಂದು ಹಗಲು. ಅದಕ್ಕಾಗಿ ಕಾಯುವ ಹತ್ತು ದಿನಗಳ ಸಂತೋಷಕ್ಕೆ ಟಿಕೆಟ್ಟಿಲ್ಲ, ಸಾಲುಗಟ್ಟಿ ನಿಲ್ಲಬೇಕಾಗಿಲ್ಲ. ಕೈ ಹಿಡಿದು ಸಂಸಾರ ಮಾಡುವ ನಮ್ಮಂಥವರು ಆ ಸಂತೋಷವನ್ನು ಬಿಟ್ಟುಕೊಡಬಾರದು.

ಮೊದಲು ದಿನ ಗೊತ್ತಾಗಲಿ

ಯಜಮಾನರು ಸಮಾಧಾನವಾಗಿ ಕಾಫಿ ಕುಡಿಯುವ ಹೊತ್ತು ನೋಡಿ ಕ್ಯಾಲೆಂಡರ್ ಹಿಡಿದು ಕೂತುಕೊಳ್ಳಿ. ಮೈಸೂರಿನ ಮೃಗಾಲಯಕ್ಕೂ ಹೋಗುವುದಾದರೆ ಮಂಗಳವಾರ ಬೇಡ, ಅಂದು ಅದಕ್ಕೆ ವಾರದ ರಜ. ಹಬ್ಬದ ದಿನಗಳಲ್ಲಿ ಮಾತ್ರ ಇದು ಬದಲಾಗುವುದುಂಟು. ಅರಮನೆಯ ದೀಪಾಲಂಕಾರ ನೋಡಬೇಕೆಂದರೆ ಭಾನುವಾರ ಅಥವಾ ಸರ್ಕಾರಿ ರಜಾದಿನ ಆಗಬೇಕು. ಹತ್ತಿರ ಹತ್ತಿರ ಒಂದು ಲಕ್ಷ ದೀಪಗಳು ಒಮ್ಮೆಲೇ ಹತ್ತುವ ಗಳಿಗೆಗೆ ಮಕ್ಕಳ ಮುಖ ನೋಡುವುದೇ ಒಂದು ಹಬ್ಬ. ಆದರೆ ಭಾನುವಾರ ಪಾರ್ಕಿನಲ್ಲಿ ಜನ ಜಾಸ್ತಿ, ಪ್ರತಿ ಆಟಕ್ಕೂ ಕಾಯಬೇಕು. ಯಾವುದು ಮುಖ್ಯ ಎಂದು ಮನೆಯಲ್ಲೇ ಕೂತು ತೀರ್ಮಾನಿಸಿ.

ಮಕ್ಕಳ ಪರೀಕ್ಷೆ, ಮನೆಯ ತಿಥಿ ಮದುವೆಗಳ ಜೊತೆಗೆ ನಿಮ್ಮ ತಿಂಗಳ ದಿನಗಳನ್ನೂ ಲೆಕ್ಕ ಹಾಕಿಕೊಳ್ಳಿ. ನೀರಿನ ಆಟಕ್ಕೆ ಹೋಗಿ ನೀವೊಬ್ಬರೇ ದಡದ ಮೇಲೆ ಚೀಲ ಕಾಯುತ್ತ ಕೂರುವುದೇಕೆ?

ಖರ್ಚಿನ ಲೆಕ್ಕವನ್ನೂ ಅಂದೇ ಬರೆಯಿರಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಮೇಲೆ ನಮ್ಮ ರಾಜ್ಯದ ಹೆಂಗಸರಿಗೂ ಹೆಣ್ಣುಮಕ್ಕಳಿಗೂ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿಗೆ ಹಣವಿಲ್ಲ. ಗುರುತಿನ ಚೀಟಿ ಮರೆಯಬಾರದು ಅಷ್ಟೆ. ಆ ಉಳಿದ ದುಡ್ಡು ಮನೆಖರ್ಚಿನಲ್ಲಿ ಕರಗಿಹೋಗುವ ಮುಂಚೆ ಪ್ರವಾಸದ ಡಬ್ಬಿಗೆ ಹಾಕಿ. ಮೇಲೆ ದಿನಕ್ಕೆ ಹತ್ತೋ ಇಪ್ಪತ್ತೋ ಮಕ್ಕಳ ಕೈಯಿಂದಲೇ ಹಾಕಿಸಿ. ಹಣದ ಬೆಲೆ ತಿಳಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ.

ಎಷ್ಟು ದಿನ ಮುಂಚೆ ಹೇಳಬೇಕು?

ಐದು ವರ್ಷದೊಳಗಿನ ಮಗುವಿಗೆ ಒಂದು ತಿಂಗಳು ಮುಂಚೆ ಹೇಳಿದರೆ ನಿಮ್ಮ ಗ್ರಹಚಾರ! ದಿನಾ ಬೆಳಿಗ್ಗೆ ಎದ್ದು ‘ಇವತ್ತಾ?’ ಎನ್ನುತ್ತದೆ. ‘ಮೂರು ರಾತ್ರಿ ಮಲಗಿ ಎದ್ದರೆ ಮೈಸೂರು’ ಎಂದರೆ ಅದಕ್ಕೆ ಅರ್ಥವಾಗುತ್ತದೆ. ಶಾಲೆಗೆ ಹೋಗುವ ಮಕ್ಕಳಿಗೆ ಹತ್ತು ದಿನ ಸರಿ.

ಹತ್ತೇ ಏಕೆಂದರೆ ಈ ಎಣಿಕೆ ಮೈಸೂರಿನದೇ ಎಣಿಕೆ. ಒಂಬತ್ತು ರಾತ್ರಿ ಗೊಂಬೆ ಕೂರಿಸಿ ಆರತಿ ಮಾಡಿ ಹತ್ತನೆಯ ದಿನ ಜಂಬೂಸವಾರಿ ನೋಡುವುದು. 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ರಾಜ ಒಡೆಯರು ದಸರೆ ಆರಂಭಿಸಿದ ಕಾಲದಿಂದ ಈ ಸೀಮೆಯ ಜನಕ್ಕೆ ಕಾಯುವುದೂ ಹಬ್ಬದ ಒಂದು ಭಾಗವೇ. ಆನೆಗಳನ್ನೇ ನೋಡಿ. ಹುಣಸೂರು ತಾಲೂಕಿನ ವೀರನಹೊಸಹಳ್ಳಿಯಿಂದ ಗಜಪಯಣ ಹೊರಡುವುದು ದಸರೆಗೆ ಎಷ್ಟೋ ವಾರ ಮುಂಚೆ. ಆಮೇಲೆ ಅರಮನೆಯಿಂದ ಬನ್ನಿಮಂಟಪಕ್ಕೆ, ಸುಮಾರು ಐದು ಕಿಲೋಮೀಟರು, ನಡೆದು ನಡೆದು ತಾಲೀಮು. ಬೆನ್ನ ಮೇಲೆ ಮರಳಿನ ಮೂಟೆ ಹೊರಿಸಿ ಭಾರ ಏರಿಸುತ್ತ ಹೋಗುತ್ತಾರೆ. ಕೊನೆಯ ದಿನ 750 ಕಿಲೋ ತೂಕದ ಚಿನ್ನದ ಅಂಬಾರಿ ಹೊರಬೇಕಲ್ಲ! ಈ ಕಥೆ ಹೇಳಿ, ‘ನಮ್ಮದೂ ತಾಲೀಮು ಇವತ್ತಿನಿಂದ ಶುರು’ ಎನ್ನಿ. ಮಕ್ಕಳು ಕುಣಿಯುತ್ತಾರೆ.

ಗೋಡೆಯ ಮೇಲೊಂದು ಬೆಟ್ಟ

ಹತ್ತು ದಿನ ಎಣಿಸಲು ಬಹಳ ಸುಲಭದ ಆಟವೊಂದಿದೆ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಚಾಮುಂಡಿಬೆಟ್ಟ ಬರೆಯಿರಿ. ಬೆಟ್ಟಕ್ಕೆ ಸುಮಾರು ಸಾವಿರ ಮೆಟ್ಟಿಲು, ನಮಗಿರುವುದು ಹತ್ತು ದಿನ. ಅಂದರೆ ದಿನಕ್ಕೆ ನೂರು ಮೆಟ್ಟಿಲು. ಹತ್ತು ಗೆರೆ ಎಳೆದು, ಬಣ್ಣದ ಬಟನ್ನೊಂದನ್ನು ಅಂಟಿಸಿ, ಸಂಜೆ ದೀಪ ಹಚ್ಚಿದ ಮೇಲೆ ಒಂದೊಂದು ಗೆರೆ ಮೇಲೇರಿಸಲಿ. ದೊಡ್ಡ ನಂದಿ ಇರುವುದು ಸುಮಾರು 700ನೇ ಮೆಟ್ಟಿಲ ಹತ್ತಿರ. ಹಾಗಾಗಿ ಏಳನೆಯ ದಿನ ನಂದಿಯ ಬಳಿ ‘ವಿಶ್ರಾಂತಿ’. ಅಂದು ರಾತ್ರಿ ಮಕ್ಕಳು ಕೇಳಿದ ತಿಂಡಿ ಮಾಡಿಕೊಡಿ. ದೊಡ್ಡ ದೇವರಾಜ ಒಡೆಯರ ಕಾಲದ್ದು ಆ ನಂದಿ, 1659ರಿಂದ 1673ರವರೆಗೆ ಆಳಿದವರು ಅವರು ಎಂಬುದನ್ನೂ ತಿಂಡಿಯ ಜೊತೆ ಬಡಿಸಿಬಿಡಿ. ಹತ್ತನೆಯ ಸಂಜೆ ಬಟನ್ ದೇವಸ್ಥಾನ ಮುಟ್ಟಿದರೆ ಬೆಳಗಾದರೆ ಪ್ರಯಾಣ.

ಚಿತ್ರ ಬರೆಯಲು ಪುರುಸೊತ್ತಿಲ್ಲವೇ? ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಹತ್ತು ಗೆರೆ ಎಳೆದು ದಿನಕ್ಕೊಂದು ಅಳಿಸಿದರೂ ಆಯಿತು. 19ನೇ ಶತಮಾನದಲ್ಲಿ ಜರ್ಮನಿಯ ಮನೆಗಳಲ್ಲಿ ಕ್ರಿಸ್‌ಮಸ್ ಬರುವ ತನಕ ಹೀಗೇ 24 ಗೆರೆ ಎಳೆದು ಮಕ್ಕಳಿಂದ ಅಳಿಸುತ್ತಿದ್ದರು. ಮುಂದೆ ಅದೇ ದಿನಕ್ಕೊಂದು ಪುಟ್ಟ ಕಿಟಕಿ ತೆರೆಯುವ ಅಚ್ಚಿನ ಕ್ಯಾಲೆಂಡರ್ ಆಗಿ ಲೋಕವನ್ನೆಲ್ಲ ಸುತ್ತಿತು. ನಮ್ಮ ಅಜ್ಜಿಯರು ಹಾಲಿನ ಲೆಕ್ಕಕ್ಕೆ ಗೋಡೆಯ ಮೇಲೆ ಗೆರೆ ಎಳೆಯುತ್ತಿದ್ದುದು ನೆನಪಿದೆಯಲ್ಲ? ಎಣಿಕೆಗೆ ಗೋಡೆ ಸಾಕು ಎಂಬುದು ಎಲ್ಲ ಕಡೆಯ ತಾಯಂದಿರಿಗೂ ಗೊತ್ತಿದ್ದ ಮಾತೇ.

ತಿನ್ನುವ ಲೆಕ್ಕ

ಇನ್ನೊಂದು ಉಪಾಯ, ಕಡಲೆಕಾಯಿ ಉಂಡೆಯ ಡಬ್ಬಿ. ನಾಲ್ಕು ಜನರ ಮನೆಗೆ ಹತ್ತು ದಿನಕ್ಕೆ ನಲವತ್ತು ಉಂಡೆ, ನೆಲ್ಲಿಕಾಯಿ ಗಾತ್ರ. ರಾತ್ರಿ ಊಟವಾದ ಮೇಲೆ ತಲೆಗೊಂದು. ಡಬ್ಬಿ ಖಾಲಿಯಾದ ಮಾರನೆಯ ದಿನ ಬಸ್ಸು.

ನಾಲ್ಕು ಲೋಟ ಕಡಲೆಕಾಯಿ ಬೀಜವನ್ನು ಸಣ್ಣ ಉರಿಯಲ್ಲಿ ಹುರಿದು, ಆರಿದ ಮೇಲೆ ಉಜ್ಜಿ ಸಿಪ್ಪೆ ಕೇರಿಬಿಡಿ. ಎರಡು ಲೋಟ ಪುಡಿ ಬೆಲ್ಲಕ್ಕೆ ಅದು ನೆನೆಯುವಷ್ಟು ಮಾತ್ರ ನೀರು ಹಾಕಿ ಕರಗಿಸಿ, ಸೋಸಿ, ಮತ್ತೆ ಒಲೆಯ ಮೇಲಿಟ್ಟು ಕೈಯಾಡಿಸುತ್ತಿರಿ. ಒಂದು ತೊಟ್ಟು ಪಾಕವನ್ನು ತಣ್ಣೀರಿಗೆ ಬಿಟ್ಟರೆ ಗಟ್ಟಿಯಾಗಬೇಕು, ಎತ್ತಿ ತಟ್ಟೆಗೆ ಹಾಕಿದರೆ ‘ಟಣ್’ ಎನ್ನಬೇಕು. ಆಗ ಇಳಿಸಿ, ಏಲಕ್ಕಿ ಪುಡಿ ಮತ್ತು ಬೀಜ ಬೆರೆಸಿ, ಅಂಗೈಗೆ ತುಪ್ಪ ಸವರಿಕೊಂಡು ಬಿಸಿ ಇರುವಾಗಲೇ ಉಂಡೆ ಕಟ್ಟಿ. ತಡಮಾಡಿದರೆ ಪಾತ್ರೆಗೇ ಹಿಡಿದುಕೊಳ್ಳುತ್ತದೆ. ಹಾಗೇನಾದರೂ ಆದರೆ ಪಾತ್ರೆಯನ್ನು ಒಂದು ನಿಮಿಷ ಒಲೆಯ ಮೇಲಿಟ್ಟರೆ ಮೆತ್ತಗಾಗುತ್ತದೆ. ತೇವ ತಾಗದ ಡಬ್ಬಿಯಲ್ಲಿಟ್ಟರೆ ಹತ್ತು ದಿನಕ್ಕೆ ಏನೂ ಕೆಡುವುದಿಲ್ಲ. ತೀರಾ ಪುಟ್ಟ ಮಗುವಿಗೆ ಇಡೀ ಬೀಜ ಕೊಡಬೇಡಿ, ಗಂಟಲಲ್ಲಿ ಸಿಕ್ಕೀತು. ಅದರ ಪಾಲಿನದನ್ನು ಬೀಜ ನುಣ್ಣಗೆ ಪುಡಿಮಾಡಿ ಕಟ್ಟಿ.

ಅಂದಹಾಗೆ, ಇಂಥ ಪಾರ್ಕುಗಳ ಒಳಕ್ಕೆ ಹೊರಗಿನ ಊಟ ಬಿಡದಿರುವುದೇ ವಾಡಿಕೆ. ಪುಳಿಯೋಗರೆ ಕಟ್ಟಿಕೊಂಡು ಹೋಗುವುದಾದರೆ ದಾರಿಯಲ್ಲೇ ತಿಂದು ಮುಗಿಸುವಷ್ಟು ಕಟ್ಟಿ.

ಚೀಟಿ ಎತ್ತುವ ಆಟ

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. ಪ್ರವಾಸದ ಹಿಂದಿನ ದಿನ ನಮ್ಮ ಮನೆಗಳಲ್ಲಿ ಏನಾಗುತ್ತದೆ? ಬಟ್ಟೆ ಮಡಿಸುವುದು, ತಿಂಡಿ ಕರಿಯುವುದು, ನೀರು ತುಂಬುವುದು, ಹಾಲಿನವನಿಗೆ ಹೇಳುವುದು, ಎಲ್ಲ ಒಬ್ಬಳದೇ. ರಾತ್ರಿ ಹನ್ನೊಂದಕ್ಕೆ ಮಲಗಿ ನಾಲ್ಕಕ್ಕೆ ಎದ್ದವಳು ಬಸ್ಸಿನಲ್ಲಿ ತೂಕಡಿಸುತ್ತಾಳೆ, ಪಾರ್ಕಿನಲ್ಲಿ ತಲೆನೋವೆಂದು ಕೂರುತ್ತಾಳೆ. ಎಲ್ಲರ ಫೋಟೋದಲ್ಲೂ ಎಲ್ಲರೂ ಇರುತ್ತಾರೆ, ಅವಳಿಲ್ಲ.

ಅದಕ್ಕೆ ಒಂದು ಡಬ್ಬಿಯಲ್ಲಿ ಕೆಲಸದ ಚೀಟಿಗಳನ್ನು ಬರೆದಿಡಿ. ದಿನಾ ಸಂಜೆ ಒಬ್ಬೊಬ್ಬರು ಒಂದೊಂದು ಎತ್ತಬೇಕು, ಬಂದ ಕೆಲಸ ಮಾಡಬೇಕು, ಯಜಮಾನರೂ ಸೇರಿ. ‘ಚಪ್ಪಲಿಯ ಉಂಗುಷ್ಟ ಹೊಲಿಸಿಕೊಂಡು ಬರುವುದು’, ‘ಬಸ್ಸಿನ ಹೊತ್ತು ವಿಚಾರಿಸುವುದು’, ‘ಟವೆಲ್ಲುಗಳನ್ನು ಎಣಿಸಿಡುವುದು’, ‘ಗಿಡಕ್ಕೆ ನೀರು ಹಾಕಲು ಪಕ್ಕದ ಮನೆಯವರಿಗೆ ಹೇಳುವುದು’, ಹೀಗೆ. ನಡುನಡುವೆ ಕೆಲಸವಲ್ಲದ ಚೀಟಿಗಳೂ ಇರಲಿ: ‘ಅಪ್ಪ ಹಾಡಬೇಕು’, ‘ಅಜ್ಜಿ ತಮ್ಮ ಕಾಲದ ದಸರೆ ಹೇಳಬೇಕು’. ಒಂದು ಚೀಟಿಯಲ್ಲಿ ಮಾತ್ರ ಮರೆಯದೆ ಹೀಗೆ ಬರೆಯಿರಿ: ‘ಇವತ್ತು ಅಮ್ಮನಿಗೆ ಅಡುಗೆ ರಜ.’ ಯಾರ ಕೈಗೆ ಬರುತ್ತದೋ ಅವರದೇ ಉಪ್ಪಿಟ್ಟು!

ತಮಾಷೆಯಂತೆ ಕಂಡರೂ ಇದರಲ್ಲಿ ಗೆಲ್ಲುವುದು ದೊಡ್ಡದೇ. ಹೊರಡುವ ದಿನ ನೀವು ದಣಿಯದೆ ಹೊರಡುತ್ತೀರಿ.

ಅಳತೆ, ಬಟ್ಟೆ, ಸಮಾಧಾನ

ಎಣಿಕೆಯ ಯಾವುದಾದರೂ ಒಂದು ಸಂಜೆ ಮಕ್ಕಳನ್ನು ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಎತ್ತರ ಅಳೆಯಿರಿ. ಜೋರಾದ ಆಟಗಳಿಗೆ ಇಷ್ಟು ಎತ್ತರ ಇರಲೇಬೇಕೆಂಬ ನಿಯಮ ಇರುತ್ತದೆ. ಸಾಲಿನಲ್ಲಿ ಅರ್ಧ ಗಂಟೆ ನಿಂತ ಮೇಲೆ ‘ನೀನು ಬೇಡಪ್ಪ’ ಅನ್ನಿಸಿಕೊಂಡ ಮಗುವಿನ ಅಳು ಕೇಳಲಾಗದು. ಮನೆಯಲ್ಲೇ ತಿಳಿದಿದ್ದರೆ ‘ಅಣ್ಣ ಅದಕ್ಕೆ, ನಾನು ಇದಕ್ಕೆ’ ಎಂದು ಮನಸ್ಸು ಸಿದ್ಧವಾಗಿರುತ್ತದೆ.

ನೀರಿನ ಆಟಕ್ಕೆ ಸೀರೆ, ಹತ್ತಿಯ ಬಟ್ಟೆ ನಡೆಯುವುದಿಲ್ಲ. ನೈಲಾನಿನಂಥ ಈಜುಡುಗೆ ಬೇಕು. ‘ಅಯ್ಯೋ, ಈ ವಯಸ್ಸಿನಲ್ಲಿ ಅದೆಲ್ಲ ನನಗೇಕೆ’ ಎನ್ನಬೇಡಿ. ಮೊಣಕಾಲು ಮುಚ್ಚುವಂಥ, ತೋಳಿರುವಂಥ ಉಡುಗೆಗಳೂ ಸಿಗುತ್ತವೆ. ಅಲ್ಲಿ ನಿಮ್ಮನ್ನು ನೋಡಲು ಯಾರಿಗೂ ಬಿಡುವಿರುವುದಿಲ್ಲ, ಎಲ್ಲರೂ ಅವರವರ ನೀರಿನಲ್ಲಿ ಮುಳುಗಿರುತ್ತಾರೆ. ಆದರೆ ಬಸುರಿಯರು, ಹೃದಯದ ತೊಂದರೆ, ಬೆನ್ನುನೋವು ಇರುವವರು ಜೋರಾದ ಆಟಗಳನ್ನು ಬಿಡುವುದೇ ಕ್ಷೇಮ.

ಮನೆಯಲ್ಲಿ ಅತ್ತೆಯೋ ಅಜ್ಜಿಯೋ ಉಳಿಯುವುದಾದರೆ ಎಣಿಕೆಯಲ್ಲಿ ಅವರಿಗೂ ಪಾಲು ಕೊಡಿ. ಬಟನ್ ಏರಿಸುವ ಅಧಿಕಾರ ಅವರದೇ ಇರಲಿ. ಬರಲು ಶಕ್ತಿಯಿದ್ದರೆ ಖಂಡಿತ ಕರೆದುಕೊಂಡು ಹೋಗಿ. ನೀರಾಟದ ಪಾರ್ಕು ಅವರಿಗೆ ಬೇಡದಿದ್ದರೂ ಮೃಗಾಲಯದ ನೆರಳು ಬೇಕು. 1892ರಲ್ಲಿ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ ಆರಂಭವಾದ ಜಾಗ ಅದು. ಎಷ್ಟೋ ಅಜ್ಜಿಯರು ತಾವು ಹುಡುಗಿಯಾಗಿದ್ದಾಗ ಅಲ್ಲೇ ಮೊದಲ ಸಲ ಹುಲಿ ನೋಡಿದವರು.

ಹೋಗಲಾಗದಿದ್ದರೆ?

ಇದೂ ಆಗುವುದುಂಟು. ಎಂಟನೆಯ ದಿನ ಮಗುವಿಗೆ ಜ್ವರ, ಒಂಬತ್ತನೆಯ ದಿನ ಬಂದ್, ಇಲ್ಲವೇ ಊರಿನಲ್ಲಿ ಯಾರದೋ ಸಾವಿನ ಸುದ್ದಿ. ಆಗ ಗೋಡೆಯ ಬೆಟ್ಟವನ್ನು ಸುಮ್ಮನೆ ಕಿತ್ತು ಮಡಿಸಿಡಬೇಡಿ, ‘ನೋಡೋಣ’ ಎಂದೂ ಅನ್ನಬೇಡಿ. ಮಕ್ಕಳನ್ನು ಕೂರಿಸಿಕೊಂಡು ಕಾರಣ ಹೇಳಿ, ಅವತ್ತೇ ಕ್ಯಾಲೆಂಡರಿನಲ್ಲಿ ಹೊಸ ತಾರೀಖು ಬರೆಯಿರಿ. ಬಟನ್ ನಂದಿಯ ಬಳಿಯೇ ಕಾಯುತ್ತಿರಲಿ, ಹತ್ತಿದ ಮೆಟ್ಟಿಲು ಎಲ್ಲಿಗೂ ಹೋಗುವುದಿಲ್ಲ. ಡಬ್ಬಿಯ ಹಣ ಮಾತ್ರ ಬೇರೆ ಖರ್ಚಿಗೆ ಮುಟ್ಟಬಾರದು. ತೆಗೆಯಲೇಬೇಕಾಗಿ ಬಂದರೆ ಮಕ್ಕಳಿಗೆ ಹೇಳಿ ತೆಗೆದು, ಎಷ್ಟೆಂದು ಚೀಟಿ ಬರೆದು ಡಬ್ಬಿಯಲ್ಲಿ ಹಾಕಿ, ಕೈಗೆ ಬಂದ ಕೂಡಲೇ ತುಂಬಿಸಿ. ಮೈಸೂರು ಒಂದು ತಿಂಗಳು ತಡವಾದರೆ ಮಗು ಮರೆಯುತ್ತದೆ. ಅಮ್ಮ ಹೇಳಿದ್ದು ಆಗುತ್ತದೋ ಇಲ್ಲವೋ ಎಂಬುದನ್ನು ಮಾತ್ರ ಮರೆಯುವುದಿಲ್ಲ.

ಇನ್ನು ಹೊರಡುವ ಬೆಳಿಗ್ಗೆಗೆ ಎರಡೇ ಮಾತು. ಮಕ್ಕಳ ಜೇಬಿನಲ್ಲಿ ನಿಮ್ಮ ಫೋನ್ ನಂಬರ್ ಬರೆದ ಚೀಟಿ ಇರಲಿ. ಗುಂಪಿನಲ್ಲಿ ಕೈ ತಪ್ಪಿದರೆ ಎಲ್ಲಿ ನಿಲ್ಲಬೇಕೆಂದು ಬಾಗಿಲಲ್ಲೇ ತೋರಿಸಿ. ಎರಡನೆಯದು, ತೊಟ್ಟಿಲು ಕಂಡಾಗ ‘ನೀವು ಹೋಗಿಬನ್ನಿ, ಚೀಲ ನಾನು ನೋಡ್ಕೋತೀನಿ’ ಎನ್ನಬೇಡಿ. ಚೀಲ ಯಜಮಾನರ ಕೈಗೆ ಕೊಟ್ಟು ನೀವೂ ಒಂದು ಸುತ್ತು ಏರಿ ಕೂತುಬಿಡಿ. ಏನಂತೀರಿ?