ತೋಳದ ವೇಷವೂ ಮನೆಯೊಳಗಿನ ಕೋಪವೂ



ಈ ಅಂಕಣದಲ್ಲಿ ತಿಂಗಳಿಗೊಂದರಂತೆ ಮನೆತನದ ಮಾತುಗಳನ್ನು ಬರೆಯುತ್ತ ಬಂದಿದ್ದೇನೆ. ಪರರ ಮನೆಯ ವಿಷಯವನ್ನು ಬರೆಯುವುದು ಸುಲಭ. ತನ್ನ ಮನೆಯ ವಿಷಯ ಬಂದಾಗ ಲೇಖನಿ ತಡವರಿಸುತ್ತದೆ. ಈ ತಿಂಗಳು ತಡವರಿಸುತ್ತಲೇ ಬರೆಯುತ್ತಿದ್ದೇನೆ.

ಬೀದರ ನಗರದ ಮೈಲೂರಿನಲ್ಲಿ ನಮ್ಮ ಮನೆ. ಒಂದು ಸಂಜೆ ಇಷ್ಟಲಿಂಗ ಪೂಜೆ ಮುಗಿಸಿ ಏಳುವಷ್ಟರಲ್ಲಿ ಒಳಕೋಣೆಯಿಂದ ತೋಳವೊಂದು ಊಳಿಡುವ ಧ್ವನಿ ಕೇಳಿಸಿತು. ನಮ್ಮ ಮನೆಯವರು ಗಾಬರಿಯಿಂದ ಬಂದು, “ಹುಡುಗ ಅದೇನೋ ದೆವ್ವಿನ ಆಟ ಹಚ್ಚ್ಯಾನ, ನೀವೇ ಬಂದು ನೋಡ್ರಿ” ಎಂದರು. ಹೋಗಿ ನೋಡಿದೆ. ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವ ಮೊಮ್ಮಗ ಕಂಪ್ಯೂಟರಿನ ಮುಂದೆ ಕುಳಿತಿದ್ದ. ಪರದೆಯ ಮೇಲೆ ಮೈತುಂಬ ಕೂದಲು, ಉದ್ದ ಉಗುರು, ತೋಳದ ಮೋರೆಯುಳ್ಳ ಒಂದು ಆಕೃತಿ ಎರಡು ಕಾಲ ಮೇಲೆ ನಿಂತು ಮನೆಯ ಸಾಮಾನುಗಳನ್ನು ಹಾಳುಗೆಡಹುತ್ತಿತ್ತು. ಸುತ್ತಲಿನವರು ಯಾವ ದೇಶದ್ದೂ ಅಲ್ಲದ ಭಾಷೆಯಲ್ಲಿ ಕೂಗಾಡುತ್ತಿದ್ದರು. ಇದೇನೆಂದು ನಾನು ಕೇಳಲಿಲ್ಲ. ವಿದ್ಯುತ್ ತಂತಿಯನ್ನೇ ಕಿತ್ತು ಹಾಕಿದೆ. ಅಚ್ಚಿನಲ್ಲಿ ಬರೆಯಲಾಗದ ನಾಲ್ಕು ಮಾತುಗಳನ್ನೂ ಆಡಿದೆ.

ಹುಡುಗ ಸುಮ್ಮನೆ ಎದ್ದು ಹೋದ. ಬಾಗಿಲ ಬಳಿ ನನ್ನ ಮಗ, ಅಂದರೆ ಹುಡುಗನ ತಂದೆ, ನಿಂತಿದ್ದ. ವಯಸ್ಸು ನಾಲ್ವತ್ತೆರಡು. ನನ್ನ ಧ್ವನಿ ಏರಿದಾಗ ಅವನು ತನಗೆ ಅರಿವಿಲ್ಲದೆಯೇ ಒಂದು ಹೆಜ್ಜೆ ಹಿಂದಕ್ಕೆ ಸರಿದ. ಮತ್ತಾರೂ ಅದನ್ನು ಗಮನಿಸಲಿಲ್ಲ, ನಾನು ಗಮನಿಸಿದೆ. ಹತ್ತು ವರ್ಷದ ಬಾಲಕನಾಗಿದ್ದಾಗ ಅವನು ಹೀಗೆಯೇ ಸರಿಯುತ್ತಿದ್ದ.

ಎರಡು ದಿನ ಮೊಮ್ಮಗ ನನ್ನೊಡನೆ ಮಾತನಾಡಲಿಲ್ಲ. ಆ ಎರಡು ದಿನಗಳಲ್ಲಿ ನಮ್ಮ ನೆರೆಯ ಭಾಲ್ಕಿಯ ಒಂದು ಸಂಗತಿ ಮತ್ತೆ ಮತ್ತೆ ನೆನಪಾಯಿತು. ನಿಜಾಮರ ಆಳ್ವಿಕೆಯಲ್ಲಿ ಕನ್ನಡ ಕಲಿಸುವುದು ಕಷ್ಟವಾಗಿದ್ದ ಕಾಲದಲ್ಲಿ ಭಾಲ್ಕಿ ಹಿರೇಮಠದ ಪೂಜ್ಯ ಚನ್ನಬಸವ ಪಟ್ಟದ್ದೇವರು ಶಾಲೆಯ ಹೊರಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರೆಂಬುದನ್ನು ನಮ್ಮ ಸೀಮೆಯ ಹಿರಿಯರೆಲ್ಲ ಬಲ್ಲರು. ಹೊರಗಿನ ಫಲಕವನ್ನು ಕಂಡಷ್ಟಕ್ಕೆ ಒಳಗಿನ ಪಾಠವನ್ನು ನಿರ್ಣಯಿಸಲಾಗದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ದೃಷ್ಟಾಂತ ಬೇಕೆ? ನಾನು ಫಲಕವನ್ನಷ್ಟೇ ಕಂಡಿದ್ದೆ. ಮೂರನೆಯ ದಿನ ಹುಡುಗನ ಬಳಿಗೆ ಹೋಗಿ ಕುಳಿತು, “ತೋರಿಸಪ್ಪಾ, ಅದೇನದ ನಾನೂ ನೋಡತೀನಿ” ಎಂದೆ.

ಅವನು ತೋರಿಸಿದ, ನಾನು ತಿಳಿದುಕೊಂಡೆ. ಓದುಗರ ಮನೆಗಳಲ್ಲಿಯೂ ಈ ಆಟ ಇರಬಹುದಾದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಆಟದ ಹೆಸರು ‘ದಿ ಸಿಮ್ಸ್’. ಅಮೆರಿಕದ ವಿಲ್ ರೈಟ್ ಎಂಬವರು ರೂಪಿಸಿದ ಇದು ಮೊದಲು ಬಂದದ್ದು 2000ನೆಯ ಇಸವಿಯಲ್ಲಿ. 1991ರಲ್ಲಿ ಕ್ಯಾಲಿಫೋರ್ನಿಯಾದ ಓಕ್ಲೆಂಡ್ ಪರಿಸರದಲ್ಲಿ ಹಬ್ಬಿದ ಭಾರಿ ಬೆಂಕಿಯಲ್ಲಿ ಅವರ ಮನೆ ಸುಟ್ಟುಹೋಗಿ, ಸಂಸಾರವನ್ನು ಮೊದಲಿನಿಂದ ಕಟ್ಟಿಕೊಳ್ಳಬೇಕಾಗಿ ಬಂದ ಅನುಭವವೂ ಈ ಆಟದ ಹುಟ್ಟಿಗೆ ಒಂದು ಕಾರಣವಾಯಿತು. ಇದರಲ್ಲಿ ಗೆಲ್ಲುವುದು ಸೋಲುವುದು ಎಂಬುದಿಲ್ಲ. ಒಂದು ಕುಟುಂಬವನ್ನು ನಿರ್ಮಿಸಿ, ಮನೆ ಕಟ್ಟಿಕೊಟ್ಟು, ಆ ಜನರ ಹಸಿವು, ನಿದ್ರೆ, ಸ್ನಾನ, ಸ್ನೇಹ, ಉದ್ಯೋಗಗಳನ್ನು ದಿನದಿನವೂ ನೋಡಿಕೊಳ್ಳುವುದೇ ಆಟ. ನನಗೆ ಮಂತ್ರದಂತೆ ಕೇಳಿಸಿದ ಭಾಷೆ ಆಟಕ್ಕಾಗಿಯೇ ಕಲ್ಪಿಸಿಕೊಂಡದ್ದು. ಅದನ್ನು ಸಿಮ್ಲಿಶ್ ಎನ್ನುತ್ತಾರೆ.

ಮಾನವ ಸಂಸಾರದ ಈ ಆಟದಲ್ಲಿ ತೋಳಮಾನವರು ಕಾಣಿಸಿಕೊಂಡದ್ದು 2006ರಲ್ಲಿ, ಎರಡನೆಯ ಆವೃತ್ತಿಯ ಕಾಲಕ್ಕೆ. 2012ರಲ್ಲಿ ಮೂರನೆಯ ಆವೃತ್ತಿಯಲ್ಲಿಯೂ ಬಂದರು. ನಾಲ್ಕನೆಯ ಆವೃತ್ತಿಗೆ 2022ರ ಜೂನ್ ತಿಂಗಳಲ್ಲಿ ತೋಳಮಾನವರಿಗಾಗಿಯೇ ಒಂದು ಪ್ರತ್ಯೇಕ ಭಾಗ ಹೊರಬಂದಿತು. ನಮ್ಮ ಹುಡುಗ ಆಡುತ್ತಿದ್ದುದು ಅದನ್ನು. ಅದರಲ್ಲಿ ತೋಳಮಾನವನಿಗೆ ರೋಷದ ಒಂದು ಅಳತೆಗೋಲು ಇರುತ್ತದೆ. ಹಸಿವು ಹೆಚ್ಚಿದರೆ, ಮನಸ್ಸು ಕೆಟ್ಟರೆ, ಹುಣ್ಣಿಮೆ ಬಂದರೆ ಅದು ಏರುತ್ತ ಹೋಗುತ್ತದೆ. ಪೂರ್ಣ ತುಂಬಿದಾಗ ಅವನು ಆಡುವವನ ಅಧೀನ ತಪ್ಪಿ, ಸಾಮಾನು ಕೆಡಿಸಿ, ಕಂಡವರನ್ನು ಬೆದರಿಸಿ, ಕೊನೆಗೆ ಮತ್ತೆ ಮನುಷ್ಯನಾಗುತ್ತಾನೆ. ಅಲ್ಲಿ ತೋಳಮಾನವರ ಎರಡು ಬಳಗಗಳಿವೆ. ಒಂದು ಶಿಸ್ತನ್ನೂ ಸಂಯಮವನ್ನೂ ಬಯಸುವುದು, ಇನ್ನೊಂದು ಹದ್ದುಬಸ್ತಿಲ್ಲದ್ದು. ಯಾರ ಸಂಗ ಮಾಡಬೇಕೆಂಬುದನ್ನು ಆಡುವವನೇ ಆರಿಸಿಕೊಳ್ಳಬೇಕು.

ಹುಡುಗ ಪರದೆಯ ಮೂಲೆಗೆ ಬೆರಳಿಟ್ಟು, “ಮುತ್ಯಾ, ಇದು ತುಂಬಿತಂದ್ರ ಅವನ ಕೈಯಾಗ ಏನೂ ಇರಂಗಿಲ್ಲ. ಅದಕ್ಕ ತುಂಬೂಕಿಂತ ಮೊದಲೇ ಅವಗ ಊಟಕ್ಕ ಹಾಕಬೇಕು, ಸಮಾಧಾನ ಮಾಡಬೇಕು” ಎಂದು ವಿವರಿಸಿದ. ಸ್ವಲ್ಪ ಹೊತ್ತು ಸುಮ್ಮನಿದ್ದು, ನನ್ನ ಮುಖ ನೋಡದೆಯೇ ಹೇಳಿದ: “ಮೊನ್ನಿ ನಿಮ್ದೂ ಹಿಂಗೇ ತುಂಬಿತ್ತು.”

ಬಂಧುಗಳೇ, ನಾನು ಅನೇಕ ಪ್ರವಚನಗಳನ್ನು ಕೇಳಿದವನು, ಕೆಲವನ್ನು ಮಾಡಿದವನೂ ಹೌದು. ಕೋಪವನ್ನು ಕುರಿತು ಇಷ್ಟು ಚಿಕ್ಕದಾದ, ಇಷ್ಟು ನೇರವಾದ ಪ್ರವಚನವನ್ನು ನಾನು ಕೇಳಿರಲಿಲ್ಲ.

ಮನುಷ್ಯ ತೋಳವಾಗುವ ಕಥೆ ಈ ಕಂಪ್ಯೂಟರಿನೊಡನೆ ಹುಟ್ಟಿದ್ದಲ್ಲ. ಯುರೋಪಿನಲ್ಲಿ ಅದು ಬಹು ಪ್ರಾಚೀನವಾದುದು. ರೋಮಿನ ಕವಿ ಓವಿಡ್ ಎರಡು ಸಾವಿರ ವರ್ಷಗಳ ಹಿಂದೆಯೇ ಲೈಕಾಯನ್ ಎಂಬ ಅರಸನ ಕಥೆಯನ್ನು ಬರೆದಿದ್ದಾನೆ. ಅತಿಥಿಯಾಗಿ ಬಂದ ದೇವರಿಗೆ ಈ ಅರಸ ನರಮಾಂಸವನ್ನು ಬಡಿಸುತ್ತಾನೆ; ಅದಕ್ಕಾಗಿ ತೋಳವಾಗುತ್ತಾನೆ. ಕ್ರೌರ್ಯ ಮೊದಲೇ ಒಳಗಿತ್ತು, ದೇಹವು ತಡವಾಗಿ ಆ ರೂಪವನ್ನು ತಾಳಿತು ಎಂಬುದೇ ಕಥೆಯ ತಿರುಳು. ಈ ನಂಬಿಕೆ ಮುಂದೆ ಭೀತಿಯಾಗಿ ಬೆಳೆಯಿತು. 1589ರಲ್ಲಿ ಜರ್ಮನಿಯ ಬೆಡ್‌ಬರ್ಗ್ ಎಂಬಲ್ಲಿ ಪೀಟರ್ ಸ್ಟುಂಪ್ ಎಂಬವನನ್ನು ತೋಳಮಾನವನೆಂಬ ಆಪಾದನೆಯ ಮೇಲೆ ಚಿತ್ರಹಿಂಸೆಗೊಳಪಡಿಸಿ ಕೊಂದರು. ತೋಳವನ್ನು ಹುಡುಕಲು ಹೊರಟ ಜನ ತಾವೇ ಏನಾದರು ಎಂಬುದನ್ನು ಇತಿಹಾಸ ಬರೆದಿಟ್ಟಿದೆ.

ನಮ್ಮ ನಾಡಿಗೆ ಪ್ರಾಣಿಯ ವೇಷವೇನು ಹೊಸದೆ? ಭಾಲ್ಕಿ ತಾಲ್ಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣನ ಜಾತ್ರೆಗೆ ಹೋಗಿ ಬಂದವರೆಲ್ಲ ವಗ್ಗಯ್ಯಗಳನ್ನು ಕಂಡಿರುತ್ತಾರೆ. ಮೈಲಾರನ ಪರಂಪರೆಯಲ್ಲಿ ಗೊರವರು, ವಗ್ಗಯ್ಯಗಳು ಸ್ವಾಮಿಯ ನಾಯಿಗಳೆಂದು ತಮ್ಮನ್ನು ಭಾವಿಸಿಕೊಂಡು, ಬೊಗಳುತ್ತ, ದೋಣಿಯಲ್ಲಿಟ್ಟ ಪ್ರಸಾದಕ್ಕೆ ಬಾಯಿ ಹಾಕುವ ಸೇವೆಯುಂಟು. ಶರಣತತ್ತ್ವ ಇಂಥ ಸೇವೆಯನ್ನು ಒಪ್ಪುವುದೇ ಎಂಬುದು ಬೇರೆ ಚರ್ಚೆ. ಆದರೆ ಸೇವೆ ಮುಗಿದ ಮೇಲೆ ಆ ಮನುಷ್ಯ ಎದ್ದು, ಬಾಯಿ ಒರೆಸಿಕೊಂಡು, ಹೆಂಡಿರು ಮಕ್ಕಳೊಡನೆ ಮನೆಗೆ ನಡೆಯುತ್ತಾನೆ. ಮೊಹರಮ್ಮಿನಲ್ಲಿ ಹರಕೆ ಹೊತ್ತು ಹುಲಿಯ ಬಣ್ಣ ಬಳಿಸಿಕೊಂಡವನೂ ಹಬ್ಬ ಕಳೆದ ಮೇಲೆ ಮೈ ತೊಳೆದುಕೊಳ್ಳುತ್ತಾನೆ. ಹಗಲುವೇಷದವರು ಊರಿನ ಓಣಿಯಲ್ಲಿ ರಾಕ್ಷಸರಾಗಿ ಅಬ್ಬರಿಸಿ ಮಕ್ಕಳನ್ನು ಅಳಿಸಿದರೂ, ಆಟ ಮುಗಿದಾಗ ಮನೆಯ ಮುಂದೆ ಕೈಯೊಡ್ಡಿ ಕಾಳುಕಡಿ ಪಡೆದು ಹರಸಿ ಹೋಗುತ್ತಾರೆ.

ಹನ್ನೆರಡನೆಯ ಶತಮಾನದ ನಮ್ಮ ಶರಣರಲ್ಲಿಯೇ ಒಬ್ಬರು ವೇಷವನ್ನು ಕಾಯಕವಾಗಿ ಕೈಕೊಂಡಿದ್ದರೆಂಬುದನ್ನು ನಾವು ಮರೆಯಲಾಗದು. ಅವರೇ ಬಹುರೂಪಿ ಚೌಡಯ್ಯನವರು. ನಾನಾ ರೂಪಗಳನ್ನು ಧರಿಸಿ ಜನರ ಮುಂದೆ ಆಡುವುದು ಅವರ ಜೀವನೋಪಾಯ; ‘ರೇಕಣ್ಣಪ್ರಿಯ ನಾಗಿನಾಥ’ ಎಂಬ ಅಂಕಿತದಲ್ಲಿ ವಚನಗಳನ್ನು ರಚಿಸಿದ್ದು ಅವರ ಅನುಭಾವ. ಜನರನ್ನು ನಗಿಸುವುದನ್ನೇ ಕಾಯಕ ಮಾಡಿಕೊಂಡಿದ್ದ ನಗೆಯ ಮಾರಿತಂದೆಗಳೂ ಶರಣ ಬಳಗದಲ್ಲಿದ್ದರು. ಒಕ್ಕಲಿಗ, ನೇಕಾರ, ಅಂಬಿಗ, ಮಡಿವಾಳರೊಡನೆ ವೇಷಗಾರನಿಗೂ ನಗಿಸುವವನಿಗೂ ಸ್ಥಾನವಿತ್ತೆಂದ ಮೇಲೆ ವೇಷವೇ ದೋಷವೆಂದು ಹೇಗೆ ಹೇಳೋಣ? ವೇಷ ತೊಡುವವನಿಗೆ ತಾನು ಯಾರೆಂಬ ಅರಿವು ಇದ್ದರೆ ಸಾಕು. ಅರಿವು ಇದ್ದಲ್ಲಿ ನೂರು ರೂಪ ತಾಳಿದರೂ ಮನುಷ್ಯ ಒಬ್ಬನೇ. ಅರಿವು ತಪ್ಪಿದಲ್ಲಿ ಒಂದೇ ರೂಪದಲ್ಲಿದ್ದರೂ ಅವನು ಕ್ಷಣಕ್ಕೊಂದು ಮೃಗ.

ನನ್ನ ಮಾತಿಗೆ ಬರುತ್ತೇನೆ. ನಮ್ಮ ಹುಡುಗ ತೋಳದ ವೇಷ ತೊಟ್ಟಿದ್ದ, ತೊಟ್ಟಿದ್ದೇನೆಂದು ಅವನಿಗೆ ತಿಳಿದಿತ್ತು. ಅವನ ತೋಳದ ರೋಷಕ್ಕೆ ಅಳತೆಗೋಲಿತ್ತು. ಅದು ಏರುವುದನ್ನು ಅವನು ಕಾಯುತ್ತಿದ್ದ. ಹಣೆಯ ಮೇಲೆ ವಿಭೂತಿ, ಎದೆಯ ಮೇಲೆ ಲಿಂಗ ಧರಿಸಿ ನಿಂತಿದ್ದ ನನಗೆ ಯಾವ ಅಳತೆಗೋಲೂ ಇರಲಿಲ್ಲ. ಹುಣ್ಣಿಮೆಯ ನೆಪವೂ ಇರಲಿಲ್ಲ. ಪೂಜೆ ಮುಗಿಸಿ ಎದ್ದ ಐದು ನಿಮಿಷದಲ್ಲಿಯೇ ನಾನು ಹಾಗೆ ವರ್ತಿಸಿದೆ. ಹಾಗಾದರೆ ಆ ಸಂಜೆ ನಮ್ಮ ಮನೆಯಲ್ಲಿ ವೇಷ ಯಾವುದು, ನಿಜ ಯಾವುದು?

ಇಷ್ಟು ಹೇಳಿದ ಮಾತ್ರಕ್ಕೆ ಮಕ್ಕಳನ್ನು ಪರದೆಯ ಮುಂದೆ ಬಿಟ್ಟುಬಿಡಿರೆಂದು ನನ್ನ ಅಭಿಪ್ರಾಯವಲ್ಲ. ಆಟ ಗುರುವಾಗಲಾರದು. ಅಮೆರಿಕದ ವಯೋಮಿತಿ ಪದ್ಧತಿಯಲ್ಲಿ ಈ ಆಟ ಹದಿಮೂರು ವರ್ಷ ಮೇಲ್ಪಟ್ಟವರಿಗೆಂದು ಗುರುತಿಸಲ್ಪಟ್ಟಿದೆ. ಚಿಕ್ಕ ಮಕ್ಕಳಿಗೆ ಅದು ಸಲ್ಲದು. ನಾಲ್ಕನೆಯ ಆವೃತ್ತಿಯ ಮೂಲ ಆಟ 2022ರ ಅಕ್ಟೋಬರಿನಿಂದ ಉಚಿತವಾಗಿದ್ದರೂ ತೋಳಮಾನವರ ಭಾಗವೂ ಸೇರಿ ಹೆಚ್ಚಿನ ಭಾಗಗಳಿಗೆ ಬೇರೆ ಬೇರೆ ಬೆಲೆಯುಂಟು. ಒಂದನ್ನು ಕೊಂಡವನಿಗೆ ಮತ್ತೊಂದರ ಆಸೆ ಹುಟ್ಟುತ್ತದೆ. ಇದನ್ನು ತಂದೆತಾಯಿಗಳು ಮೊದಲೇ ತಿಳಿದಿರಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಪರದೆಯೊಳಗಿನ ಮನುಷ್ಯನಿಗೆ ಹೊತ್ತಿಗೆ ಸರಿಯಾಗಿ ಊಟ ಹಾಕುವ ಹುಡುಗ ತನ್ನ ಊಟ ಮರೆಯಬಾರದು. ಅವನನ್ನು ಮಲಗಿಸಿ ತಾನು ನಡುರಾತ್ರಿಯವರೆಗೆ ಎಚ್ಚರವಿರಬಾರದು.

ನಾವು ಗಮನಿಸಬೇಕಾದ ಗುರುತು ಒಂದೇ: ಕರೆದಾಗ ಮಗು ವೇಷ ಕಳಚಿ ಬರುತ್ತದೆಯೆ? ಊಟಕ್ಕೆ ಕರೆದರೆ ಬಂದು, ತಂಗಿಯೊಡನೆ ನಕ್ಕು ಮಾತನಾಡಿ, ಓದಿನ ಹೊತ್ತಿಗೆ ಓದಿಗೆ ಕುಳಿತರೆ ತೋಳದಿಂದ ಭಯವಿಲ್ಲ. ಕರೆದರೂ ಬಾರದೆ, ಸಿಡುಕಿ, ಪರದೆಯ ಹೊರಗೂ ಅದೇ ರೋಷದಲ್ಲಿದ್ದರೆ ಆಗ ಬಳಿ ಕುಳಿತು ಕಾರಣ ಕೇಳಬೇಕು. ತಂತಿ ಕೀಳುವುದರಿಂದ ಯಂತ್ರ ನಿಲ್ಲುತ್ತದೆ, ಕಾರಣ ನಿಲ್ಲುವುದಿಲ್ಲ. ಇದೇ ಗುರುತನ್ನು ಹಿರಿಯರಾದ ನಮಗೂ ಹಚ್ಚಿಕೊಳ್ಳಬೇಕು. ಅಂಗಡಿಯ, ಕಚೇರಿಯ, ಹೊಲದ ಸಿಟ್ಟನ್ನು ಹೊಸ್ತಿಲ ಹೊರಗೆ ಕಳಚಿ ಒಳಗೆ ಬರುವವರು ನಮ್ಮಲ್ಲಿ ಎಷ್ಟು ಜನ?

ಈಗ ನಮ್ಮ ಮನೆಯಲ್ಲಿ ಒಂದು ಪದ್ಧತಿ ಬೆಳೆದಿದೆ. ದಿನಕ್ಕೆ ಒಂದು ಗಂಟೆ ಆಟ. ಅದರಲ್ಲಿ ಕೆಲವೊಮ್ಮೆ ನಾನೂ ಪಕ್ಕದಲ್ಲಿ ಕುಳಿತಿರುತ್ತೇನೆ. ನನ್ನ ಧ್ವನಿ ಏರತೊಡಗಿದರೆ ಮೊಮ್ಮಗ ಏನೂ ಮಾತನಾಡದೆ ಗಾಳಿಯಲ್ಲಿ ಬೆರಳೆತ್ತಿ ಗೆರೆಯೊಂದನ್ನು ಮೇಲಕ್ಕೆ ಎಳೆಯುತ್ತಾನೆ. ಮೊದಲ ಸಲ ಅದಕ್ಕೂ ಸಿಟ್ಟು ಬಂದಿತ್ತು. ಈಗ ಎದ್ದು ಹೋಗಿ ಒಂದು ತಂಬಿಗೆ ನೀರು ಕುಡಿದು ಬರುತ್ತೇನೆ.

ಮಗನೊಡನೆ ಮಾತನಾಡುವುದು ಇಷ್ಟು ಸುಲಭವಾಗಲಿಲ್ಲ. ಒಂದು ರಾತ್ರಿ ಅಂಗಳದಲ್ಲಿ ಕುಳಿತಿದ್ದಾಗ, “ನೀ ಸಣ್ಣಾಂವ ಇದ್ದಾಗ ನಾ ಭಾಳ ಬೈದೀನಿ, ಹೊಡೆದೀನಿ. ತಪ್ಪಾಗ್ಯದ” ಎಂದೆ. ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, “ಇರಲಿ ಬಿಡ್ರಿ ಅಪ್ಪಾ, ಥಂಡಿ ಅದ, ಒಳಗ ನಡ್ರಿ” ಎಂದು ನನ್ನ ಶಾಲನ್ನು ಸರಿಪಡಿಸಿ ಹೊದಿಸಿದ. ಅಂದು ಅವನು ಹಿಂದಕ್ಕೆ ಸರಿಯಲಿಲ್ಲ, ಒಂದು ಹೆಜ್ಜೆ ಮುಂದಕ್ಕೇ ಬಂದ.